ಕ್ಯಾಮೆರಾದ ಮೂಲಪ್ರತಿಯೂ ಅದನ್ನು ಓದುವ ತಂತ್ರಾಂಶವೂ

ಶಿಕಾರಿಪುರ ಸೊರಬಗಳ ಸೀಮೆಯಲ್ಲಿ ಕಲ್ಲಿಗೆ ಬಡತನವಿಲ್ಲ. ಕಲ್ಲಿನ ಮೇಲಣ ಅಕ್ಷರಕ್ಕೂ ಬಡತನವಿಲ್ಲ. ಬಿ. ಎಲ್. ರೈಸರು ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು 1902ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿಯೂ, ಸೊರಬದವುಗಳನ್ನು 1904ರಲ್ಲಿ ಎಂಟನೆಯದರಲ್ಲಿಯೂ ಅಚ್ಚುಮಾಡಿಸಿದುದನ್ನು ವಾಚಕರು ಬಲ್ಲರು. ತಾಳಗುಂದದ ಪ್ರಣವೇಶ್ವರನ ಮುಂದಣ ಕಂಬದಲ್ಲಿರುವ ಕುಬ್ಜಕವಿಯ ಸಂಸ್ಕೃತ ಪದ್ಯಗಳು ಆ ಗಣನೆಯಲ್ಲಿ ಶಿಕಾರಿಪುರ 176ನೆಯ ಸಂಖ್ಯೆ. ಇಂಥ ಪ್ರಸಿದ್ಧವಾದ ಕಲ್ಲುಗಳಿಗೆ ಸರ್ಕಾರದ ಕಾವಲುಂಟು. 2013ರಲ್ಲಿ ಅದೇ ಊರಿನಲ್ಲಿ ದೊರೆತ ಸಿಂಹಕಟಾಂಜನ ಶಾಸನಕ್ಕೆ ಪಂಡಿತರ ಗಮನವೂ ಉಂಟು. ಆದರೆ ಕೆರೆಯ ಏರಿಯ ಮೇಲೆ, ಅಡಕೆ ತೋಟದ ಬೇಲಿಯ ಬಳಿಯಲ್ಲಿ, ಮಾರಿಗುಡಿಯ ಹಿಂಬದಿಯಲ್ಲಿ ನಿಂತಿರುವ ವೀರಗಲ್ಲು ಮಾಸ್ತಿಕಲ್ಲುಗಳಿಗೆ ಯಾರು ಗತಿ? ಒಂದೂರಿನಲ್ಲಿ ಅವಕ್ಕೆ ಎಣ್ಣೆ ಹಚ್ಚುತ್ತಾರೆ. ಮತ್ತೊಂದೂರಿನಲ್ಲಿ ಭಕ್ತಿಯಿಂದಲೇ ಬಣ್ಣ ಬಳಿಯುತ್ತಾರೆ. ಮೂರನೆಯದರಲ್ಲಿ ಕತ್ತಿ ಮಸೆಯುತ್ತಾರೆ. ಉಳಿದುದನ್ನು ಮಲೆನಾಡಿನ ಮಳೆ ನೋಡಿಕೊಳ್ಳುತ್ತದೆ.

ಪಾಠಶಾಲೆಯಲ್ಲಿ ಕಲಿತು, ಹೈಸ್ಕೂಲಿನಲ್ಲಿ ಪಾಠ ಹೇಳಿ, ಈಗ ವಿಶ್ರಾಂತನಾಗಿರುವ ನಾನು ಈ ಅನಾಥವಾದ ಕಲ್ಲುಗಳ ಛಾಯಾಚಿತ್ರಗಳನ್ನು ತೆಗೆಯುತ್ತ ಬಂದಿದ್ದೇನೆ. ಇದನ್ನು ಬಲ್ಲ ಸ್ನೇಹಿತರು ಕೆಲವರು ತಾವೂ ಕ್ಯಾಮೆರಾ ಕೊಂಡು, ‘ಮೇಷ್ಟರೇ, ರಾ ಎಂಬ ಕಡತದಲ್ಲಿ ತೆಗೆಯಬೇಕೆನ್ನುತ್ತೀರಿ, ಅದನ್ನು ತೆರೆಯುವುದಕ್ಕೆ ಯಾವ ತಂತ್ರಾಂಶವು ಉತ್ತಮ?’ ಎಂದು ಕೇಳುತ್ತಾರೆ. ಪ್ರಶ್ನೆ ಸಣ್ಣದಾಗಿ ಕಂಡರೂ ಉತ್ತರವು ಸಣ್ಣದಲ್ಲವಾದಕಾರಣ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ‘ರಾ’ ಎಂದರೇನೆಂಬುದನ್ನು ಹೇಳಬೇಕು. ಕ್ಯಾಮೆರಾದ ಒಳಗೆ ಫಿಲ್ಮಿನ ಸ್ಥಾನದಲ್ಲಿರುವ ಸೆನ್ಸರ್ ಎಂಬ ಫಲಕವು ಬೆಳಕನ್ನು ಅಳೆಯಬಲ್ಲುದೇ ಹೊರತು ಬಣ್ಣವನ್ನು ಅರಿಯದು. ಆದುದರಿಂದ ಅದರ ಒಂದೊಂದು ಕಣ್ಣಿಗೂ ಕೆಂಪು, ಹಸುರು, ನೀಲಿಗಳಲ್ಲಿ ಒಂದರ ಗಾಜನ್ನು ತೊಡಿಸಿರುತ್ತಾರೆ. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ಎಂಬುವರು ಯೋಜಿಸಿ, 1976ರಲ್ಲಿ ಪೇಟೆಂಟು ಪಡೆದ ಈ ಕ್ರಮದಲ್ಲಿ ಅರ್ಧದಷ್ಟು ಕಣ್ಣುಗಳು ಹಸುರು, ಕಾಲುಭಾಗ ಕೆಂಪು, ಕಾಲುಭಾಗ ನೀಲಿ. ಪ್ರತಿಯೊಂದು ಬಿಂದುವಿನಲ್ಲಿಯೂ ಇಲ್ಲದಿರುವ ಇನ್ನೆರಡು ಬಣ್ಣಗಳನ್ನು ನೆರೆಹೊರೆಯ ಬಿಂದುಗಳಿಂದ ಊಹಿಸಿ ತುಂಬಬೇಕು. ಇಂಗ್ಲಿಷಿನಲ್ಲಿ ಇದಕ್ಕೆ ಡಿಮೊಸೈಸಿಂಗ್ ಎನ್ನುತ್ತಾರೆ. ನಾನು ನನ್ನ ಟಿಪ್ಪಣಿಯ ಪುಸ್ತಕದಲ್ಲಿ ವರ್ಣಸಂಧಾನವೆಂದು ಬರೆದುಕೊಂಡಿದ್ದೇನೆ. ಈ ಸಂಧಾನಕ್ಕೆ ಮುಂಚಿನ ಅಳತೆಗಳ ರಾಶಿಯೇ ರಾ ಕಡತ. ಕ್ಯಾಮೆರಾವು ತಾನೇ ಸಂಧಾನ ಮಾಡಿ, ಬಣ್ಣ ಹೊಂದಿಸಿ, ಅಂಚುಗಳನ್ನು ಹರಿತಗೊಳಿಸಿ, ಹೆಚ್ಚಾದುದನ್ನು ಎಸೆದು ಕೊಡುವುದೇ ಜೆಪೆಗ್. ರಾ ಕಡತದಲ್ಲಿ ಒಂದು ಬಿಂದುವಿನ ಬೆಳಕಿಗೆ ಸಾಮಾನ್ಯವಾಗಿ 4,096 ಅಥವಾ 16,384 ಮೆಟ್ಟಿಲುಗಳಿದ್ದರೆ, ಜೆಪೆಗ್‌ನಲ್ಲಿ ಬಣ್ಣವೊಂದಕ್ಕೆ 256 ಮಾತ್ರ. ಹಬ್ಬದ ದಿನ ಮೊಮ್ಮಕ್ಕಳ ಚಿತ್ರ ತೆಗೆಯುವವರಿಗೆ ಇಷ್ಟು ಧಾರಾಳವಾಗಿ ಸಾಕು. ಸವೆದ ಅಕ್ಷರವನ್ನು ಓದಬೇಕೆನ್ನುವವನಿಗೆ ಸಾಲದು. ಏಕೆಂದರೆ ಆ ಅಕ್ಷರವು ಇರುವುದೇ ಕಪ್ಪಿಗೂ ಕಡುಗಪ್ಪಿಗೂ ನಡುವಣ ನಾಲ್ಕಾರು ಮೆಟ್ಟಿಲುಗಳಲ್ಲಿ.

ಪಾಠಶಾಲೆಯಲ್ಲಿ ಓದಿದವರಿಗೆ ಇದನ್ನು ತಿಳಿಸುವುದು ಸುಲಭ. ರಾ ಎಂಬುದು ಮೂಲ, ಜೆಪೆಗ್ ಎಂಬುದು ವ್ಯಾಖ್ಯಾನ. ಬರಿಯ ವ್ಯಾಖ್ಯಾನವನ್ನಿಟ್ಟುಕೊಂಡು ಮೂಲವನ್ನು ಎಸೆದರೆ ಮುಂದಿನವನು ವಾದಮಾಡುವುದು ಯಾವುದರೊಡನೆ? ಇನ್ನೊಂದು ವಿಶೇಷವೂ ಉಂಟು. ಒಳ್ಳೆಯ ತಂತ್ರಾಂಶಗಳು ರಾ ಕಡತವನ್ನು ಮುಟ್ಟುವುದೇ ಇಲ್ಲ. ನಾವು ಮಾಡಿದ ತಿದ್ದುಪಡಿಗಳನ್ನೆಲ್ಲ ಬೇರೊಂದು ಚಿಕ್ಕ ಕಡತದಲ್ಲಿ ಬರೆದಿಡುತ್ತವೆ. ತಾಳೆಯೋಲೆಯ ಅಂಚಿನಲ್ಲಿ ಸಹ ಗೀಚದೆ, ಟಿಪ್ಪಣಿಯನ್ನು ಬೇರೆ ಓಲೆಯಲ್ಲಿ ಬರೆದಂತೆ.

ಇನ್ನು ತಂತ್ರಾಂಶಗಳ ವಿಚಾರ. ಲೋಕದಲ್ಲಿ ಬಹು ಜನರು ಬಳಸುವುದು ಅಡೋಬಿ ಸಂಸ್ಥೆಯ ಲೈಟ್‌ರೂಮ್. 2007ರಲ್ಲಿ ಹೊರಬಂದ ಇದು ಕಲಿಯಲು ಸುಲಭ, ನೋಟಕ್ಕೆ ಚೆಲುವು. ಚಿತ್ರಗಳನ್ನು ಹೆಸರು ದಿನಾಂಕಗಳಿಂದ ಹುಡುಕಿಕೊಡುವುದರಲ್ಲಿ ಇದಕ್ಕೆ ಸಮನಾದುದನ್ನು ನಾನು ಕಂಡಿಲ್ಲ. ಆದರೆ ಒಂದೇ ಸಲ ಹಣ ಕೊಟ್ಟು ಕೊಳ್ಳಬಹುದಾಗಿದ್ದ ಕೊನೆಯ ಆವೃತ್ತಿಯು 2015ರದು. ಈಗ ಅದು ಬಾಡಿಗೆಯ ವಸ್ತು. ಬಾಡಿಗೆ ನಿಂತರೆ ಹಳೆಯ ಚಿತ್ರಗಳನ್ನು ನೋಡಬಹುದು, ಹೊರತೆಗೆಯಬಹುದು. ತಿದ್ದುವ ಕೋಣೆಯ ಬಾಗಿಲು ಮಾತ್ರ ಮುಚ್ಚಿಕೊಳ್ಳುತ್ತದೆ. ವೃತ್ತಿಯಿಂದ ಸಂಪಾದಿಸುವವರಿಗೆ ಇದು ನ್ಯಾಯವಾದ ವ್ಯಾಪಾರವೇ ಇರಬಹುದು. ಪಿಂಚಣಿದಾರನ ಲೆಕ್ಕ ಬೇರೆ. ನನ್ನ ನಂತರ ಈ ಚಿತ್ರಗಳನ್ನು ತೆರೆಯುವವರು ಬಾಡಿಗೆ ಕಟ್ಟುವರೆಂಬ ಭರವಸೆಯನ್ನು ನಾನು ಹೇಗೆ ಇಟ್ಟುಕೊಳ್ಳಲಿ?

ಕ್ಯಾಮೆರಾ ತಯಾರಿಸುವವರೇ ಉಚಿತವಾಗಿ ಕೊಡುವ ತಂತ್ರಾಂಶಗಳೂ ಉಂಟು: ಕೆನಾನ್‌ನವರ ಡಿಜಿಟಲ್ ಫೋಟೋ ಪ್ರೊಫೆಷನಲ್, ನಿಕಾನ್‌ನವರು 2021ರಲ್ಲಿ ಹೊರತಂದ ಎನ್‌ಎಕ್ಸ್ ಸ್ಟುಡಿಯೋ. ತಮ್ಮ ಮನೆಯ ಬಣ್ಣವನ್ನು ಇವು ಚೆನ್ನಾಗಿ ಬಲ್ಲವು. ನೆರೆಮನೆಯ ಕಡತವನ್ನು ತಿದ್ದಿಕೊಡವು. ಮೊದಲು ಕಲಿಯುವವರು ಇವುಗಳಿಂದ ಆರಂಭಿಸುವುದು ತಪ್ಪಲ್ಲ.

ಮೂರನೆಯ ಗುಂಪು ಸ್ವತಂತ್ರ ತಂತ್ರಾಂಶಗಳದು. ಇವುಗಳ ಕಥೆಯು ಡೇವ್ ಕಾಫಿನ್ ಎಂಬ ಅಮೆರಿಕದ ಮಹಾನುಭಾವನಿಂದ ಆರಂಭವಾಗುತ್ತದೆ. ತಯಾರಕರು ತಮ್ಮ ರಾ ಕಡತಗಳ ಒಳಗುಟ್ಟನ್ನು ಬಿಟ್ಟುಕೊಡದಿದ್ದಾಗ, ಈತನು 1997ರಲ್ಲಿ ಆರಂಭಿಸಿ ಒಂದೊಂದನ್ನೇ ಬಿಡಿಸಿ ಓದುವ ‘ಡಿಸಿರಾ’ ಎಂಬ ಪ್ರೋಗ್ರಾಮನ್ನು ಬರೆದು ಲೋಕಕ್ಕೆ ಕೊಟ್ಟನು. ಅರಿಯದ ಲಿಪಿಯನ್ನು ಓದಿದವರಿಗೆ ಸಲ್ಲುವ ಗೌರವ ಈತನಿಗೂ ಸಲ್ಲತಕ್ಕದ್ದೆಂದು ನನ್ನ ಮತ. ಈ ಗುಂಪಿನಲ್ಲಿ ಮುಖ್ಯವಾದವು ಎರಡು: 2009ರಲ್ಲಿ ಹುಟ್ಟಿದ ಡಾರ್ಕ್‌ಟೇಬಲ್, ಹಂಗೆರಿಯ ಗಾಬೋರ್ ಹೋರ್ವಾತ್ ಆರಂಭಿಸಿ 2010ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ರಾಥೆರಪಿ. ಡಾರ್ಕ್‌ಟೇಬಲ್ ಬಲಶಾಲಿ, ಆದರೆ ಅದರ ಉಪಕರಣಗಳ ಸಂಖ್ಯೆಯನ್ನು ನೋಡಿದರೆ ಬಡಗಿಯ ಕೊಟ್ಟಿಗೆಗೆ ನುಗ್ಗಿದ ಹುಡುಗನಂತಾಗುತ್ತದೆ, ಮತ್ತು ನನ್ನ ಹಳೆಯ ಗಣಕಯಂತ್ರವು ಅದರ ಭಾರಕ್ಕೆ ಏದುಸಿರು ಬಿಡುತ್ತದೆ. ರಾಥೆರಪಿಯಲ್ಲಿ ವರ್ಣಸಂಧಾನದ ವಿಧಾನಗಳನ್ನು ನಾವೇ ಆರಿಸಬಹುದು, ಹರಿತಗೊಳಿಸುವುದನ್ನು ಪೂರ್ತಿ ನಿಲ್ಲಿಸಬಹುದು.

ಈ ಕೊನೆಯ ಗುಣದ ಬೆಲೆಯು ನನಗೆ ತಿಳಿದುದು ಸೊರಬ ತಾಲ್ಲೂಕಿನ ಒಂದು ಕೆರೆಯ ಏರಿಯ ಮೇಲಣ ವೀರಗಲ್ಲಿನಿಂದ. ಬಳಪದ ಕಲ್ಲು, ಮೂರು ಸಾಲು ಬರಹ, ಎರಡನೆಯ ಸಾಲಿನಲ್ಲಿ ವೀರನ ಹೆಸರು. ಹಳಗನ್ನಡ ಲಿಪಿಯಲ್ಲಿ ಪಕಾರದ ಹೊಟ್ಟೆಯೊಳಗೆ ಒಂದು ಗೀಟು ಎಳೆದರೆ ಷಕಾರವಾಗುವುದನ್ನು ಬಲ್ಲವರು ಬಲ್ಲರು. ಕ್ಯಾಮೆರಾ ಕೊಟ್ಟ ಜೆಪೆಗ್‌ನಲ್ಲಿ ಆ ಗೀಟು ನಿಸ್ಸಂದೇಹವಾಗಿ ಇತ್ತು. ಅದೇ ಚಿತ್ರದ ರಾ ಕಡತವನ್ನು ಹರಿತಗೊಳಿಸದೆ ತೆರೆದಾಗ ಗೀಟು ಮಂಕಾಯಿತು. ನೆರಳನ್ನು ಮೆಲ್ಲನೆ ಮೇಲೆತ್ತಿದಾಗ ಅದಕ್ಕೂ ಉಳಿಯ ಗೆರೆಗಳಿಗೂ ಇದ್ದ ಭೇದ ಕಂಡಿತು. ಉಳಿ ಕೊರೆದ ಗೆರೆಗೆ ಒಂದು ಮಗ್ಗುಲಲ್ಲಿ ನೆರಳೂ ಇನ್ನೊಂದು ಮಗ್ಗುಲಲ್ಲಿ ಬೆಳಕೂ ಇರುತ್ತದೆ; ಈ ಗೀಟಿಗೆ ಬೆಳಕಿನ ಮಗ್ಗುಲು ಇರಲಿಲ್ಲ. ಮತ್ತೊಂದು ದಿನ ಸಂಜೆ ಹೋಗಿ, ಕೈದೀಪವನ್ನು ಕಲ್ಲಿಗೆ ಓರೆಯಾಗಿ ಹಿಡಿಸಿ ಚಿತ್ರ ತೆಗೆದೆನು. ಗೀಟು ಅಕ್ಷರದ ಆಚೆಗೂ ಕೂದಲೆಳೆಯಂತೆ ಓಡಿತ್ತು. ಅದು ಬಿರುಕು, ಅಕ್ಷರವು ಪಕಾರ. ಓರೆ ಬೆಳಕಿನ ಮುಂದೆ ಎಲ್ಲ ತಂತ್ರಾಂಶಗಳೂ ಎರಡನೆಯ ಸ್ಥಾನದವೆಂಬುದನ್ನು ಈ ಸಂದರ್ಭದಲ್ಲಿಯೇ ಹೇಳಿಬಿಡುತ್ತೇನೆ. ಅಕ್ಷರ ಕಾಣಲೆಂದು ಸೀಮೆಸುಣ್ಣ ಉಜ್ಜುವ ಅಭ್ಯಾಸವನ್ನಂತೂ ದಯಮಾಡಿ ಬಿಡಬೇಕು.

ಇದರಿಂದಲೇ ಈಚಿನ ಕೃತಕ ಬುದ್ಧಿಮತ್ತೆಯ ಉಪಕರಣಗಳ ಬಗ್ಗೆ ನನಗೆ ಅಂಜಿಕೆ. 2023ರಲ್ಲಿ ಲೈಟ್‌ರೂಮಿಗೂ ಇಂಥದೊಂದು ಸೇರಿತು. ಮಬ್ಬಿನಲ್ಲಿ ತೆಗೆದ ಚಿತ್ರದ ಕಾಳುಕಾಳನ್ನು ಇವು ಬೆರಗಾಗುವಂತೆ ತೊಡೆದುಹಾಕುತ್ತವೆ. ಹಕ್ಕಿಯ ರೆಕ್ಕೆಗೂ ಮದುವಣಗಿತ್ತಿಯ ಮುಖಕ್ಕೂ ಒಪ್ಪತಕ್ಕದ್ದೇ. ಆದರೆ ಅವು ತಾವು ಕಲಿತ ಅಸಂಖ್ಯ ಚಿತ್ರಗಳ ಸಂಸ್ಕಾರದಿಂದ, ಇಲ್ಲಿ ಏನಿರಬೇಕೆಂದು ಅಂದಾಜುಮಾಡಿ ತುಂಬುತ್ತವೆ. ಹನ್ನೊಂದನೆಯ ಶತಮಾನದ ಕನ್ನಡ ಅಕ್ಷರದಲ್ಲಿ ಏನಿರಬೇಕೆಂಬುದನ್ನು ಅವಕ್ಕೆ ಯಾರು ಕಲಿಸಿದರು? ಲಿಪಿಕಾರನ ಪ್ರಮಾದವನ್ನು ಇನ್ನೊಂದು ಪ್ರತಿಯಿಂದ ತಿದ್ದಬಹುದು. ಒಂದೇ ಪ್ರತಿಯಿರುವ ಕಲ್ಲಿನಲ್ಲಿ ಊಹೆಯ ಅಕ್ಷರವು ಸೇರಿಕೊಂಡರೆ ಅದನ್ನು ಹೊರಹಾಕುವುದು ಕಷ್ಟ.

ನಾನು ರಾಥೆರಪಿಯನ್ನು ಆರಿಸಿದುದಕ್ಕೆ ಇನ್ನೂ ಒಂದು ಕಾರಣವುಂಟು. ಅದು ಬರೆದಿಡುವ ತಿದ್ದುಪಡಿಯ ಕಡತವು ಬರಿಯ ಪಠ್ಯ. ಯಾವ ತಂತ್ರಾಂಶವೂ ಇಲ್ಲದ ಕಾಲದಲ್ಲಿ ಸಹ ಅದನ್ನು ತೆರೆದು, ಬೆಳಕನ್ನು ಇಷ್ಟು ಏರಿಸಿದನು, ಬಣ್ಣವನ್ನು ಇಷ್ಟು ತಣಿಸಿದನು ಎಂದು ಕಣ್ಣಿನಿಂದಲೇ ಓದಬಹುದು. ಒಳ್ಳೆಯ ಗಣಕಯಂತ್ರವೂ ಬಿಡುವೂ ಇರುವ ತರುಣರು ಡಾರ್ಕ್‌ಟೇಬಲನ್ನು ಹಿಡಿದರೆ ನನ್ನ ಆಕ್ಷೇಪಣೆಯಿಲ್ಲ. ಅಡಕೆ ತೋಟದ ಹಸುರು ಬೆಳಕಿನಲ್ಲಿ ಚಿತ್ರ ತೆಗೆಯುವವರು ಒಂದು ಬೂದುಬಣ್ಣದ ಕಾಗದವನ್ನು ಕಲ್ಲಿನ ಪಕ್ಕದಲ್ಲಿಟ್ಟು ಮೊದಲ ಚಿತ್ರವನ್ನು ತೆಗೆದುಕೊಂಡರೆ, ಯಾವ ತಂತ್ರಾಂಶದಲ್ಲಾದರೂ ಬಣ್ಣವನ್ನು ಸರಿಪಡಿಸುವುದು ಒಂದು ಕ್ಷಣದ ಕೆಲಸ.

ರಾ ಕಡತಗಳು ದೊಡ್ಡವು. ನನ್ನ ಕ್ಯಾಮೆರಾದಲ್ಲಿ ಒಂದೊಂದು 25ರಿಂದ 30 ಎಂ.ಬಿ. ಆಗುತ್ತದೆ. ಪ್ರತಿಯೊಂದನ್ನೂ ಅಡೋಬಿಯವರೇ 2004ರಲ್ಲಿ ಪ್ರಕಟಿಸಿ ಎಲ್ಲರ ಬಳಕೆಗೂ ಬಿಟ್ಟಿರುವ ಡಿಎನ್‌ಜಿ ಎಂಬ ರೂಪಕ್ಕೂ ಪರಿವರ್ತಿಸಿ ಇಡುತ್ತೇನೆ. ಬಾಡಿಗೆಯನ್ನು ಒಲ್ಲೆನೆಂದವನು ಅವರ ಈ ಉಪಕಾರವನ್ನು ಮರೆಯಬಾರದು. ಒಂದು ಪ್ರತಿ ಮನೆಯ ಡಿಸ್ಕಿನಲ್ಲಿ, ಇನ್ನೊಂದು ಶಿವಮೊಗ್ಗದಲ್ಲಿರುವ ಸೋದರಳಿಯನ ಬಳಿಯಲ್ಲಿ, ಮೂರನೆಯದು ಆಯಾ ಊರಿನ ಶಾಲೆಯಲ್ಲಿ. ಆ ಕೆರೆಯ ಏರಿಯನ್ನು ಅಗಲಮಾಡುವರೆಂದು ಸುದ್ದಿ ಬಂದಿದೆ. ಕಲ್ಲನ್ನು ಎಲ್ಲಿಗೆ ಸರಿಸುವರೋ ಕೇಳಿಕೊಂಡು ಬರಬೇಕು. ಮೂರನೆಯ ಸಾಲು ಇನ್ನೂ ಓದಲು ಬಾಕಿಯಿದೆ.