ದಂಡಿನ ಬಂಗಲೆಯಲ್ಲೊಬ್ಬ ಓದುಗ

1896ರ ಅಕ್ಟೋಬರ್ ತಿಂಗಳಲ್ಲಿ ನಾಲ್ಕನೆಯ ಹುಸಾರ್ಸ್ ಎಂಬ ಅಶ್ವದಳವು ಬೆಂಗಳೂರಿನ ದಂಡುಪ್ರದೇಶಕ್ಕೆ ಬಂದಿಳಿಯಿತು. ಅದರ ಕಿರಿಯ ಅಧಿಕಾರಿಗಳಲ್ಲಿ ಇನ್ನೂ ಇಪ್ಪತ್ತೆರಡು ತುಂಬದ ವಿನ್‌ಸ್ಟನ್ ಚರ್ಚಿಲ್ ಒಬ್ಬ. ಹ್ಯಾರೋ ಶಾಲೆಯಲ್ಲಿ ದಡ್ಡನೆಂದು ಹೆಸರಾಗಿ, ಸ್ಯಾಂಡ್‌ಹರ್ಸ್ಟ್ ಸೈನಿಕ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಎರಡು ಬಾರಿ ಸೋತು ಮೂರನೆಯ ಬಾರಿ ಗೆದ್ದು, ವಿಶ್ವವಿದ್ಯಾಲಯದ ಮೆಟ್ಟಿಲನ್ನೇ ಹತ್ತದೆ ಕುದುರೆಯೇರಿದ ತರುಣ. ತಂದೆ ರ‍್ಯಾಂಡಾಲ್ಫ್ ಚರ್ಚಿಲ್ ತೀರಿಕೊಂಡು ಎರಡು ವರ್ಷವೂ ಆಗಿರಲಿಲ್ಲ. ಈತನನ್ನು ಇತಿಹಾಸವು ಮುಂದೆ ಬೇರೆ ಬೇರೆ ಕಾರಣಗಳಿಗೆ ನೆನೆಯಿತು. ಬಂಗಾಳದ ಕ್ಷಾಮವನ್ನು ಮರೆಯಲಾರದವರು ಇಂದಿಗೂ ಆ ಹೆಸರನ್ನು ಸಮಾಧಾನದಿಂದ ಉಚ್ಚರಿಸಲಾರರು. ಆದರೆ ಬೆಂಗಳೂರಿನ ಮಟ್ಟಿಗೆ ಆತ ಮೊದಲು ಒಬ್ಬ ಓದುಗ. ಮೂವತ್ತು ವರ್ಷಗಳ ಬಳಿಕ, 1930ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಈ ಊರಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟ. ಆ ಅಧ್ಯಾಯದ ಹೆಸರಿನಲ್ಲಿರುವುದು ಯುದ್ಧವಲ್ಲ, ವಿದ್ಯಾಭ್ಯಾಸ.

ಮನೆಯಿಂದಲೇ ತೊಡಗಬಹುದು. ರೆಜಿನಾಲ್ಡ್ ಬಾರ್ನ್ಸ್ ಮತ್ತು ಹ್ಯೂಗೋ ಬೇರಿಂಗ್ ಎಂಬ ಇಬ್ಬರು ಗೆಳೆಯರೊಡನೆ ಸೇರಿ ಆತ ಗುಲಾಬಿ ಮತ್ತು ಬಿಳಿ ಗಾರೆಯ ದೊಡ್ಡ ಬಂಗಲೆಯೊಂದನ್ನು ಹಿಡಿದ. ವಿಶಾಲವಾದ ಜಗಲಿ, ಬೆಳ್ಳಗಿನ ಕಂಬಗಳು, ಅವನ್ನು ತಬ್ಬಿದ ನೇರಿಳೆ ಬಣ್ಣದ ಬೋಗನ್‌ವಿಲ್ಲ ಬಳ್ಳಿ. ತಲೆಗೊಬ್ಬ ಬಟ್ಲರ್, ಉಡುಪು ತೊಡಿಸುವ ಹುಡುಗ, ಕುದುರೆಗೊಬ್ಬ ಆಳು. ಇವರಲ್ಲದೆ ಮೂವರಿಗೂ ಸೇರಿ 2 ಮಾಲಿಗಳು, 3 ಭಿಸ್ತಿಗಳು, 4 ಅಗಸರು, ಒಬ್ಬ ಕಾವಲುಗಾರ. ಈ ಲೆಕ್ಕವನ್ನು ಕೊಟ್ಟವನು ಆತನೇ. ಮನೆಯ ವರ್ಣನೆಯಲ್ಲಿ ಎಣಿಕೆಯುಂಟು, ಹೆಸರುಗಳಿಲ್ಲ. ಅಂಥವರು ಬದುಕಿದ್ದ ಪೇಟೆ ದೂರದ್ದೇನಲ್ಲ. ಆಗ ಬ್ಲಾಕ್‌ಪಳ್ಳಿ ಎನಿಸಿಕೊಂಡಿದ್ದ ಇಂದಿನ ಶಿವಾಜಿನಗರ, ದಂಡನ್ನು ನಂಬಿ ಬೆಳೆದ ವಸತಿ. ತಮಿಳು, ದಖನಿ, ತೆಲುಗು, ಕನ್ನಡ ಒಂದೇ ಓಣಿಯಲ್ಲಿ ಕೇಳಿಸುತ್ತಿದ್ದ ಸ್ಥಳ. 1882ರಲ್ಲಿ ಕಟ್ಟಿ ಮುಗಿದ ಸೇಂಟ್ ಮೇರಿ ಚರ್ಚು ಅಂದಿಗೇ ಅದರ ಗುರುತಾಗಿತ್ತು. ರಸೆಲ್ ಮಾರುಕಟ್ಟೆ ಇನ್ನೂ ಬಂದಿರಲಿಲ್ಲ.

ದಿನಚರಿಯು ವಿಚಿತ್ರವಾದದ್ದು. ಬೆಳಗಾಗುವ ಮುನ್ನ ಯಾರೋ ಬಂದು ಮಲಗಿದ್ದವನ ಗದ್ದವನ್ನು ತಣ್ಣನೆಯ ಕೈಯಿಂದ ಎತ್ತಿ, ಸೋಪಿನ ನೊರೆ ಹಚ್ಚಿ, ಕತ್ತಿಯಾಡಿಸುವನು. ಆ ಕ್ಷೌರಿಕನ ಕೈಯ ಸ್ಪರ್ಶದಿಂದಲೇ ಎಚ್ಚರ. ಆರು ಗಂಟೆಗೆ ಕವಾಯತು, ಎಂಟಕ್ಕೆ ಸ್ನಾನ ಮತ್ತು ಉಪಾಹಾರ, ಅನಂತರ ಹನ್ನೊಂದರೊಳಗೆ ಲಾಯದ ಕೆಲಸ, ಕಚೇರಿಯ ಕೆಲಸ ಎರಡೂ ಮುಗಿದುಬಿಡುತ್ತಿದ್ದವು. ಸಂಜೆ ಐದಕ್ಕೆ ಪೋಲೋ. ಎಂಟೂವರೆಗೆ ಬ್ಯಾಂಡಿನ ಸದ್ದಿನ ನಡುವೆ ಊಟ. ಇವೆರಡರ ನಡುವಿನ ಉರಿಬಿಸಿಲಿನ ಹೊತ್ತಿನಲ್ಲಿ ದಂಡಿನ ಬಿಳಿಯರೆಲ್ಲ ನಿದ್ರಿಸುತ್ತಿದ್ದರು. ಆ ನಿದ್ರೆಯ ಅವಧಿಯೇ ಚರ್ಚಿಲ್‌ನ ವಿಶ್ವವಿದ್ಯಾಲಯವಾಯಿತು. ನವೆಂಬರಿನಿಂದ ಮೇ ತಿಂಗಳವರೆಗೆ ದಿನಕ್ಕೆ ನಾಲ್ಕೈದು ಗಂಟೆಗಳ ಓದು.

ದಿನವನ್ನು ತುತ್ತೂರಿ ಅಳೆದರೆ ವಾರವನ್ನು ಅಳೆಯುತ್ತಿದ್ದುದು ಟಪಾಲು. ಇಂಗ್ಲೆಂಡಿನ ಅಂಚೆಯ ವಾರದ ಗತಿಗೆ ತಕ್ಕಂತೆ ತಾಯಿ ಜೆನ್ನಿಗೆ ಕಾಗದಗಳು ಹೋಗುತ್ತಿದ್ದವು. ಹಣದ ಬಗೆಗಿನ ಜಗಳ, ರಾಜಕೀಯದ ಹರಟೆ, ಮತ್ತೆ ಕೊನೆಯಲ್ಲಿ ಪುಸ್ತಕಗಳ ಬೇಡಿಕೆ. ತಾಯಿಯೂ ತಪ್ಪದೆ ಕಳುಹಿಸಿದಳು. ಮೊದಲು ಬಂದವನು ಗಿಬ್ಬನ್. ತಂದೆ ಆ ರೋಮನ್ ಚರಿತ್ರೆಯನ್ನು ಪ್ರೀತಿಸಿ ಓದಿದ್ದನೆಂಬ ಮಾತು ಮಗನ ಕಿವಿಗೆ ಬಿದ್ದಿತ್ತು. ಬದುಕಿರುವಾಗ ತನ್ನೊಡನೆ ಹೆಚ್ಚು ಮಾತಾಡದ ತಂದೆಯನ್ನು ಆತ ಆ 8 ಸಂಪುಟಗಳಲ್ಲಿ ಹುಡುಕಿದಂತೆ ತೋರುತ್ತದೆ. ಪುಟಗಳ ಅಂಚಿನಲ್ಲಿ ತನ್ನ ಅಭಿಪ್ರಾಯಗಳನ್ನು ಗೀಚುತ್ತ, ಗಿಬ್ಬನ್ನನನ್ನು ಅಡಿಟಿಪ್ಪಣಿಗಳಲ್ಲಿ ಟೀಕಿಸುವ ಸಂಪಾದಕ ಮಿಲ್ಮನ್ನನ ಮೇಲೆ ಸಿಟ್ಟಾಗುತ್ತ ಓದಿದ. ಗ್ರಂಥಸಂಪಾದನೆಯ ಅಭ್ಯಾಸಿಗಳು ಈ ಸಿಟ್ಟನ್ನು ಬಲ್ಲರು. ಗಿಬ್ಬನ್ನನ ಆತ್ಮಕಥೆಯಲ್ಲಿ ತನ್ನನ್ನು ಸಾಕಿದ ಹೆಂಗಸನ್ನು ಕೃತಜ್ಞತೆಯಿಂದ ನೆನೆಯುವ ಮಾತೊಂದು ಬರುತ್ತದೆ. ಅದನ್ನೋದಿದಾಗ ಚರ್ಚಿಲ್‌ಗೆ ತನ್ನ ದಾದಿ ಎವರೆಸ್ಟಳ ನೆನಪಾಯಿತು. ಹಿಂದಿನ ವರ್ಷವಷ್ಟೇ ಆಕೆ ತೀರಿಕೊಂಡಿದ್ದಳು.

ಗಿಬ್ಬನ್ ಮುಗಿದ ಮೇಲೆ ಮೆಕಾಲೆಯ 12 ಸಂಪುಟಗಳು, ಪ್ಲೇಟೋನ ರಿಪಬ್ಲಿಕ್, ಅರಿಸ್ಟಾಟಲ್, ಮಾಲ್ಥಸ್, ಡಾರ್ವಿನ್, ಷೋಪೆನ್‌ಹಾವರ್. ವಿನ್‌ವುಡ್ ರೀಡನ ಪುಸ್ತಕವನ್ನೋದಿ ಬಾಲ್ಯದ ಶ್ರದ್ಧೆ ಅಲುಗಾಡಿತು. ಇವುಗಳಿಗಿಂತ ಕುತೂಹಲಕರವಾದುದು ಆನ್ಯುಅಲ್ ರಿಜಿಸ್ಟರ್ ಎಂಬ ವಾರ್ಷಿಕ ಸಂಪುಟಗಳನ್ನು ಓದಿದ ಕ್ರಮ. ಹಳೆಯ ಮಸೂದೆಯೊಂದರ ಚರ್ಚೆಯನ್ನು ಓದುವ ಮೊದಲು ಆ ವಿಷಯದಲ್ಲಿ ತನ್ನ ನಿಲುವೇನೆಂಬುದನ್ನು ಕಾಗದದಲ್ಲಿ ಬರೆಯುವುದು, ಚರ್ಚೆಯನ್ನು ಓದುವುದು, ಮತ್ತೆ ತನ್ನ ನಿಲುವನ್ನು ತಿದ್ದಿ ಬರೆಯುವುದು. ಇಂದು ಸಂಶೋಧನ ವಿದ್ಯಾರ್ಥಿಗಳಿಗೆ ಇದನ್ನು ಕಲಿಸಿದರೆ ಅರ್ಧದಷ್ಟು ಪ್ರಬಂಧಗಳು ಉದ್ಧಾರವಾದಾವು.

ಜೈನ ಪರಂಪರೆಯು ಸ್ವಾಧ್ಯಾಯವನ್ನು ಅಂತರಂಗದ ತಪಸ್ಸುಗಳಲ್ಲಿ ಎಣಿಸುತ್ತದೆ. ತತ್ತ್ವಾರ್ಥಸೂತ್ರವು ಅದಕ್ಕೆ ಐದು ಅಂಗಗಳನ್ನು ಹೇಳುತ್ತದೆ. ಓದುವುದು ವಾಚನೆ, ಬಲ್ಲವರನ್ನು ಕೇಳುವುದು ಪೃಚ್ಛನೆ, ತಿಳಿದುದನ್ನು ಮನಸ್ಸಿನಲ್ಲಿ ತಿರುವಿಹಾಕುವುದು ಅನುಪ್ರೇಕ್ಷೆ, ಬಾಯಿಗೆ ಬರುವಂತೆ ಆವರ್ತಿಸುವುದು ಆಮ್ನಾಯ, ಇತರರಿಗೆ ತಿಳಿಹೇಳುವುದು ಧರ್ಮೋಪದೇಶ. ಬಂಗಲೆಯ ತರುಣನಲ್ಲಿ ಇವುಗಳ ಪೈಕಿ ಮೂರು ಚೆನ್ನಾಗಿಯೇ ಕೂಡಿದ್ದವು. ವಾಚನೆಗೆ ಕೊರತೆಯಿರಲಿಲ್ಲ, ಮೊದಲು ಬರೆದು ಆಮೇಲೆ ಓದುವ ಕ್ರಮವು ಅನುಪ್ರೇಕ್ಷೆಯೇ, ಗಿಬ್ಬನ್, ಮೆಕಾಲೆಯರ ವಾಕ್ಯಗಳು ಕಿವಿಯಲ್ಲಿ ನಿಂತು ಮುಂದೆ ಆತನ ಭಾಷಣಗಳ ಲಯವಾದವು. ಐದನೆಯದನ್ನು, ಹೇಳಿದ್ದು ಧರ್ಮವೋ ಅಲ್ಲವೋ, ಆತ ಜೀವನಪೂರ್ತಿ ಮಾಡಿದ. ಕೊರತೆಯಾದದ್ದು ಪೃಚ್ಛನೆ.

ಅದನ್ನು ಆತನೇ ಒಪ್ಪಿಕೊಂಡಿದ್ದಾನೆ. ಕ್ರಿಸ್ತನ ಬೋಧೆಯು ನೀತಿಶಾಸ್ತ್ರದ ಕೊನೆಯ ಮಾತು ಎಂದು ಯಾರೋ ಅಂದರಂತೆ. ನೀತಿಶಾಸ್ತ್ರವೆಂದರೇನು? ಶಾಲೆಯಲ್ಲಿ ಆ ಶಬ್ದವನ್ನೇ ಕೇಳಿರಲಿಲ್ಲ. ಮನುಷ್ಯನು ಏನು ಮಾಡಬೇಕೆಂಬುದನ್ನಷ್ಟೇ ಅಲ್ಲ, ಏಕೆ ಮಾಡಬೇಕೆಂಬುದನ್ನೂ ಅದು ವಿಚಾರಿಸುತ್ತದೆಂದು ಆಮೇಲೆ ಯಾರೋ ತಿಳಿಸಿದರು. ಒಂದು ಗಂಟೆ ಕುಳಿತು ಇದನ್ನು ವಿವರಿಸುವ ವಿದ್ವಾಂಸನಿಗೆ 2 ಪೌಂಡು ಕೊಡಲೂ ಸಿದ್ಧನಿದ್ದೆ, ಆದರೆ ಬೆಂಗಳೂರಿನಲ್ಲಿ ಯಾವ ಬೆಲೆಗೂ ಅಂಥವನೊಬ್ಬ ಸಿಗಲಿಲ್ಲ ಎಂಬುದು ಆತನ ಅಳಲು. 2 ಪೌಂಡೆಂದರೆ ಅಂದಿನ ಸುಮಾರು 30 ರೂಪಾಯಿ.

ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬಲ್ಲವರು ಇಲ್ಲಿ ಓದನ್ನು ನಿಲ್ಲಿಸಲೇಬೇಕು. ಏಕೆಂದರೆ ಅದೇ ವರ್ಷಗಳಲ್ಲಿ, ಮೈಸೂರು ಸರ್ಕಾರದ ಪ್ರಾಚ್ಯವಸ್ತು ಸಂಶೋಧನೆಯ ಹೊಣೆ ಹೊತ್ತವರು ಬಿ.ಎಲ್. ರೈಸ್. ಅವರೂ ಆಂಗ್ಲರೇ, ಆದರೆ 1837ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ, ಬೆಳೆದದ್ದು ಕನ್ನಡವನ್ನು ಕೇಳುತ್ತ. 1897ರಲ್ಲಿ ಅವರ ಮೈಸೂರು ಗೆಜೆಟಿಯರ್ ಪರಿಷ್ಕೃತವಾಗಿ ಹೊರಬಂದಿತು. 1898ರಲ್ಲಿ ಅವರೇ ಸಂಪಾದಿಸಿದ ಪಂಪಭಾರತ ಅಚ್ಚಾಯಿತು. ಅದೇ ವರ್ಷ, ಅದೇ ಮಾಲೆಯಲ್ಲಿ, ಕೆ.ಬಿ. ಪಾಠಕರ ಸಂಪಾದನೆಯಲ್ಲಿ ಕವಿರಾಜಮಾರ್ಗ. 941ರಲ್ಲಿ ರಚಿತವಾದ ಪಂಪನ ಕಾವ್ಯವು ಓಲೆಗರಿಯಿಂದ ಕಾಗದಕ್ಕೆ ಇಳಿಯುತ್ತಿದ್ದ ಕಾಲಕ್ಕೂ ದಂಡಿನ ಜಗಲಿಯಲ್ಲಿ ರೋಮಿನ ಪತನದ ಪುಟಗಳು ತಿರುವಿಬೀಳುತ್ತಿದ್ದ ಕಾಲಕ್ಕೂ ಅಂತರವೇ ಇಲ್ಲ. ಇವಕ್ಕೂ ಮೊದಲು, 1889ರಲ್ಲಿ, ರೈಸ್ ಅವರು ಶ್ರವಣಬೆಳಗೊಳದ ಶಾಸನಗಳನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ್ದರು. ಸಲ್ಲೇಖನ ಕೈಗೊಂಡವರ, ರಾಜ್ಯವನ್ನು ಬಿಟ್ಟವರ, ಬಿಟ್ಟುದರ ಕಾರಣವನ್ನು ಕಲ್ಲಿನಲ್ಲಿ ಬರೆಸಿದವರ ಸಂಪುಟವದು. ಏಕೆ ಮಾಡಬೇಕೆಂಬ ಪ್ರಶ್ನೆಗೆ ಉತ್ತರವು ಓದುಗನ ಭಾಷೆಯಲ್ಲಿಯೇ ಅಚ್ಚಾಗಿತ್ತು. ಆತ ಹೆಸರಿಸುವ ಪುಸ್ತಕಗಳ ಸಾಲಿನಲ್ಲಿ ಅದಿಲ್ಲ.

ಇದನ್ನು ಆರೋಪವಾಗಿ ಹಿಡಿಯುವುದು ಅನ್ಯಾಯ. ಪುಸ್ತಕಗಳು ಲಂಡನ್ನಿನಿಂದ ಬರುತ್ತಿದ್ದವು, ಪ್ರಶ್ನೆಗಳೂ ಅಲ್ಲಿಂದಲೇ. ಹಿಂದುಸ್ತಾನಿಯನ್ನು ಕಲಿಯುವುದು ವ್ಯರ್ಥವೆಂದು ತಾಯಿಗೆ ಬರೆದ ಸೈನಿಕನಿಂದ ಹಳಗನ್ನಡದ ಕಡೆಗೊಂದು ನೋಟವನ್ನು ನಿರೀಕ್ಷಿಸಲಾಗದು. ಅಲ್ಲದೆ ನಮ್ಮ ಇಂದಿನ ಓದು ಕೂಡ ಬಹುಪಾಲು ಟಪಾಲಿನಲ್ಲಿ ಬಂದದ್ದೇ ಅಲ್ಲವೇ? ಆದರೂ ಮೂರು ಮೈಲಿ ಆಚೆಯ ಪೇಟೆಯಲ್ಲಿ ಪಂಡಿತರು ಓಲೆಗರಿಗಳ ಮುಂದೆ ಕುಳಿತಿದ್ದ ಊರಿನಲ್ಲಿ, ಕೇಳಲು ಒಬ್ಬರೂ ಇಲ್ಲವೆಂದು ಒಬ್ಬ ನಿಜವಾದ ಓದುಗನಿಗೆ ಅನಿಸಿತು ಎಂಬುದು ಮನಸ್ಸನ್ನು ಕಲಕುತ್ತದೆ. ವಸಾಹತುಶಾಹಿಯ ಬಗೆಗಿನ ಎಷ್ಟೋ ಗ್ರಂಥಗಳು ಹೇಳಲಾರದ್ದನ್ನು ಈ ಒಂದು ಅಳಲು ಹೇಳುತ್ತದೆ.

ಓದಿನ ನಡುವೆ ಸಣ್ಣ ಸುಖಗಳೂ ಇದ್ದವು. ತೋಟದಲ್ಲಿ ಮರೆಶಲ್ ನೀಲ್, ಲಾ ಫ್ರಾನ್ಸ್, ಗ್ಲೋರ್ ದ ದಿಜೋನ್ ಎಂಬ ಗುಲಾಬಿಗಳು ಬೆಂಗಳೂರಿನ ಹವೆಗೆ ಸೊಂಪಾಗಿ ಅರಳುತ್ತಿದ್ದವು. ಬೆಳಗ್ಗೆ ಹೂ ಕೊಯ್ಯುವುದರಲ್ಲಿ ಆತನಿಗೆ ಬಹಳ ಹಿಗ್ಗು. ಇನ್ನೊಂದು ಹವ್ಯಾಸ ಚಿಟ್ಟೆ ಹಿಡಿಯುವುದು. 65 ಬಗೆಯ ಚಿಟ್ಟೆಗಳನ್ನು ಕೂಡಿಹಾಕಿದ ಮೇಲೆ ಒಂದು ಇಲಿ ನುಗ್ಗಿ ಸಂಗ್ರಹವನ್ನೆಲ್ಲ ತಿಂದುಹಾಕಿತು. ಇಲಿಯನ್ನು ಹಿಡಿದು ನಾಯಿಗೆ ಕೊಲ್ಲಿಸಿ, ಆತ ಮತ್ತೆ ಹೊಸದಾಗಿ ಚಿಟ್ಟೆ ಹಿಡಿಯತೊಡಗಿದ. ಸ್ವಾಧ್ಯಾಯದ ಮಾತೆತ್ತಿದ ಮೇಲೆ ಈ ಸಂಗತಿಯನ್ನು ಮರೆಮಾಚುವುದು ಸರಿಯಲ್ಲ.

ಓದು ಬರೆಹವಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. 1897ರಲ್ಲಿ ವಾಯವ್ಯ ಗಡಿಯ ಮಲಾಕಂಡ್ ಯುದ್ಧಕ್ಕೆ ಹೋಗಿ ಮರಳಿದ ಚರ್ಚಿಲ್ ಅದರ ಕಥನವನ್ನು ಬೆಂಗಳೂರಿನ ಅದೇ ಮಧ್ಯಾಹ್ನಗಳಲ್ಲಿ ಬರೆದು ಮುಗಿಸಿದ. 1898ರ ಮಾರ್ಚಿಯಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಅದು ಆತನ ಮೊದಲ ಪುಸ್ತಕ. ದೂರದ ಕಾರಣ ಕರಡು ತಿದ್ದುವ ಕೆಲಸವನ್ನು ದೊಡ್ಡಮ್ಮನ ಗಂಡನಾದ ಮಾರ್ಟನ್ ಫ್ರೂವನ್‌ಗೆ ವಹಿಸಲಾಗಿತ್ತು. ಪ್ರತಿ ಕೈಗೆ ಬಂದಾಗ ಪುಟಪುಟಕ್ಕೂ ಮುದ್ರಣದೋಷ. ಗುಂಡುಗಳ ನಡುವೆ ಅಂಜದವನು ಅಚ್ಚಿನ ತಪ್ಪುಗಳನ್ನು ಕಂಡು ನಾಚಿಕೆಯಿಂದ ಕುಗ್ಗಿಹೋದ. ಸವ್ರೋಲ ಎಂಬ ಆತನ ಏಕೈಕ ಕಾದಂಬರಿಯೂ ಈ ಊರಿನ ದಿನಗಳಿಗೇ ಸೇರಿದ್ದು. 1953ರಲ್ಲಿ ಸಾಹಿತ್ಯಕ್ಕಾಗಿ ನೊಬೆಲ್ ಪಾರಿತೋಷಕ ಬಂದಾಗ ಬೆಂಗಳೂರನ್ನು ನೆನೆದವರು ಕಡಿಮೆ.

1899ರ ಆರಂಭದಲ್ಲಿ ಚರ್ಚಿಲ್ ಬೆಂಗಳೂರನ್ನು ಬಿಟ್ಟ. ಆಗ ಯುನೈಟೆಡ್ ಸರ್ವಿಸ್ ಕ್ಲಬ್ ಎಂಬ ಹೆಸರಿದ್ದ ಇಂದಿನ ಬೆಂಗಳೂರು ಕ್ಲಬ್ಬಿನಲ್ಲಿ ಆ ವರ್ಷದ ಜೂನ್ ಒಂದನೆಯ ತಾರೀಖಿನ ಹಳೆಯ ದಫ್ತರವೊಂದನ್ನು ಗಾಜಿನೊಳಗೆ ಇಟ್ಟಿದ್ದಾರೆ. ವಸೂಲಾಗದ ಬಾಕಿಗಳನ್ನು ವಜಾ ಮಾಡಿದ ಪಟ್ಟಿಯದು. 17 ಹೆಸರುಗಳ ನಡುವೆ ಲೆಫ್ಟಿನೆಂಟ್ ಡಬ್ಲ್ಯು.ಎಲ್.ಎಸ್. ಚರ್ಚಿಲ್ ಎಂಬ ಹೆಸರಿದೆ; ಅದರ ಮುಂದೆ 13 ರೂಪಾಯಿ.