ಮಲ್ಲಪ್ಪಶೆಟ್ಟಿಗೆ ಶಾಪ ಹಾಕಿದ ಮಂದಿ

ಹುಬ್ಬಳ್ಳಿಯ ವಿತರಕರಿಂದ ಹೊರಟ ರೀಲಿನ ಡಬ್ಬಿಗಳು ಮೊದಲು ಗದಗ-ಬೆಟಗೇರಿಯ ಟಾಕೀಸುಗಳಿಗೆ ಬರುತ್ತಿದ್ದವು. ಅಲ್ಲಿ ಓಡಿ ಓಡಿ ಗೀರು ಬಿದ್ದ ಮೇಲೆ, ಬಸ್ಸಿನ ಟಾಪ್ ಏರಿ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ದಾರಿ ಹಿಡಿಯುತ್ತಿದ್ದವು. ನಮ್ಮ ಮುಂಡರಗಿ ಕಡೆಯವರಿಗೆ ಸಿನಿಮಾ ಹಳೆಯದಾದ ಮೇಲೆಯೇ ಸಿಗುತ್ತಿತ್ತು. ಅದಕ್ಕೆ ಯಾರೂ ಬೇಸರಪಡುತ್ತಿರಲಿಲ್ಲ. ದ್ರೋಹ ಬಗೆಯುವವ ಯಾರು, ತಿರುಗಿಬೀಳುವವ ಯಾರು, ಸೇಡು ಹೇಗೆ ತೀರುತ್ತದೆ ಎಂಬುದೆಲ್ಲ ತಿಳಿದೇ ಜನ ಬರುತ್ತಿದ್ದರು.

ನಮ್ಮೂರಿನ ಟೆಂಟ್ ಸಿನಿಮಾದಲ್ಲಿ ಇದ್ದದ್ದು ಒಂದೇ ಪ್ರೊಜೆಕ್ಟರ್. ರೀಲು ಮುಗಿದಾಗಲೆಲ್ಲ ದೀಪ ಹತ್ತುತ್ತಿತ್ತು, ಆಪರೇಟರ್ ಇನ್ನೊಂದು ರೀಲು ಏರಿಸುವ ತನಕ ಮಾತೋ ಮಾತು. ಬಿ.ಆರ್. ಪಂತುಲು ಅವರ 1961ರ 'ಕಿತ್ತೂರು ಚೆನ್ನಮ್ಮ' ವರ್ಷಗಳ ನಂತರವೂ ಮತ್ತೆ ಮತ್ತೆ ಬರುತ್ತಿತ್ತು. ಚೆನ್ನಮ್ಮನಾಗಿ ಬಿ. ಸರೋಜಾದೇವಿ ಕಾಣಿಸಿದೊಡನೆ ಹೆಂಗಸರು ಸೆರಗು ಸರಿಮಾಡಿಕೊಂಡು ಕೂರುತ್ತಿದ್ದರು. ಕಿತ್ತೂರಿನ ಒಳಗಿನವನೇ ಆದ ಮಲ್ಲಪ್ಪಶೆಟ್ಟಿಯ ದ್ರೋಹದ ದೃಶ್ಯ ಬಂದಾಗ ನೆಲದ ಟಿಕೀಟಿನ ಮುದುಕಿಯರು ಲಟಿಕೆ ಮುರಿದು, "ನಿನ್ನ ಮನಿ ಹಾಳಾಗ್ಲಿ, ಉಂಡ ಮನಿಗೆ ಎರಡು ಬಗದ್ಯಲ್ಲೋ!" ಎಂದು ಶಾಪ ಹಾಕುತ್ತಿದ್ದರು. ದೀಪ ಹತ್ತಿದಾಗ ಆ ಶಾಪ ತಿರುಗಿ ಊರೊಳಗಿನ ಯಾವನೋ ದಾಯಾದಿಯ ಮೇಲೆ, ಹೊಲದ ಬದು ಒತ್ತಿದವನ ಮೇಲೆ ಬೀಳುತ್ತಿತ್ತು. ರೀಲು ಬದಲಿಸುವ ಆ ಹೊತ್ತು ಸಿನಿಮಾದಷ್ಟೇ ದೊಡ್ಡದಾಗಿತ್ತು ಎಂದು ನಾನು ನಂಬಿದ್ದೇನೆ.

ಈ ಮಂದಿಯನ್ನು ಹದಗೊಳಿಸಿದ್ದು ಕಂಪನಿ ನಾಟಕ. ಗರುಡ ಸದಾಶಿವರಾಯರು ನಾಟಕ ಮಂಡಳಿ ಕಟ್ಟಿದ ಗದಗ ಇದು. ಜಾತ್ರೆಗಳಲ್ಲಿ ಬಂಡಾಯಗಾರ ಸಿಂಧೂರ ಲಕ್ಷ್ಮಣನ ನಾಟಕ ನೋಡಿ ಬೆಳೆದವರಿಗೆ, ಬಂಡೆದ್ದವನು ಶತ್ರುವಿನ ಗುಂಡಿಗಿಂತ ಮೊದಲು ನಂಬಿದವನ ಮೋಸಕ್ಕೆ ಬೀಳುತ್ತಾನೆಂಬುದನ್ನು ಹೇಳಿಕೊಡಬೇಕಾಗಿರಲಿಲ್ಲ. 1974ರ 'ಸಂಪತ್ತಿಗೆ ಸವಾಲ್' ಚಿತ್ರವೂ ಮೂಲತಃ ಪಿ.ಬಿ. ಧುತ್ತರಗಿ ಅವರ ನಾಟಕ. ವಜ್ರಮುನಿಯ ಸಾಹುಕಾರ ಸಿದ್ದಪ್ಪನಿಗೆ ರಾಜಕುಮಾರ್ ಎದುರು ನಿಂತಾಗ ಬೆಟಗೇರಿಯ ನೇಕಾರರು, ಮಗ್ಗ ನಿಲ್ಲಿಸಿ ಎರಡನೇ ಆಟಕ್ಕೆ ಬಂದವರು, ಎದ್ದು ನಿಂತು ಚಪ್ಪಾಳೆ ತಟ್ಟಿದ್ದನ್ನು ನೋಡಿದ್ದೇನೆ. ಸಾಹುಕಾರರಿಂದ ಪಡೆದ ಮುಂಗಡ ಹಣದ ಸಾಲದ ಲೆಕ್ಕ ಅವರ ತಲೆಯ ಮೇಲೂ ಇತ್ತು.

1981ರಲ್ಲಿ 'ಅಂತ' ಬಂತು. ಅಂಬರೀಷ್‌ಗೆ ಹುಡುಗರ ಶಿಳ್ಳೆ ತಡೆಯಲಾಗದಷ್ಟು. ಆದರೆ ಇಲ್ಲಿ ದ್ರೋಹಿ ಪಕ್ಕದ ಮನೆಯವನಲ್ಲ, ವ್ಯವಸ್ಥೆಯೊಳಗೇ ಕುಳಿತವನು. ಚಿತ್ರಹಿಂಸೆಯ ದೃಶ್ಯಗಳಿಗೆ ಮುದುಕಿಯರು ಮುಖ ಮುಚ್ಚಿಕೊಂಡರು. ಆಮೇಲಿನ ಸೇಡಿನ ಚಿತ್ರಗಳಿಗೆ ಅವರು ಬರುವುದು ಕಡಿಮೆಯಾಯಿತು, ಶಾಪದ ಜಾಗದಲ್ಲಿ ಶಿಳ್ಳೆ ಉಳಿಯಿತು. ಟಿವಿ, ವಿಡಿಯೋ ಬಂದು ಟೆಂಟುಗಳು ಎದ್ದುಹೋದವು.

2012ರ ನವೆಂಬರಿನಲ್ಲಿ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಬಿಡುಗಡೆಯಾದಾಗ ಹಳೆಯ ಜನಸಾಗರ ಮತ್ತೆ ಕಂಡಿತು. ಹಳ್ಳಿಗಳಿಂದ ಟೆಂಪೋಗಳಲ್ಲಿ ಬಂದರು, ಭಂಡಾರ ಹಾರಿಸಿದರು. ತನ್ನವರದೇ ದ್ರೋಹದಿಂದ ರಾಯಣ್ಣ ಸೆರೆಸಿಕ್ಕುವಾಗ ನನ್ನ ಪಕ್ಕದ ಹಿರಿಯರೊಬ್ಬರು ಪರದೆಗೆ ಬೈದರು. ಅವರ ಮೊಮ್ಮಗ, "ಸುಮ್ಕಿರು ಯಜ್ಜಾ, ಮಂದಿ ನೋಡಾಕತ್ತಾರ" ಎಂದ. ಹಿರಿಯರು ಸುಮ್ಮನಾದರು. ಅಷ್ಟರಲ್ಲಿ ರೀಲಿನ ಡಬ್ಬಿಯ ಕಾಲವೂ ಮುಗಿಯುತ್ತ ಬಂದಿತ್ತು. ಡಿಜಿಟಲ್ ಪ್ರದರ್ಶನದಿಂದ ಹೊಸ ಚಿತ್ರ ಸಣ್ಣ ಊರಿಗೂ ಬೇಗ ತಲುಪಿತು, ಚಿತ್ರದ ಗುಣಮಟ್ಟವೂ ಚೆನ್ನಾಯಿತು. ಒಳ್ಳೆಯದೇ. ಆದರೆ ಈಗ ಅದೇ ಕಥೆಯನ್ನು ಹುಡುಗರು ಮೊಬೈಲಿನಲ್ಲಿ, ಕಿವಿಗೆ ವೈರು ಸಿಕ್ಕಿಸಿಕೊಂಡು, ಒಬ್ಬೊಬ್ಬರೇ ನೋಡುತ್ತಾರೆ.

ರಾಯಣ್ಣನಂತೆಯೇ ಬಂಡೆದ್ದ ನಮ್ಮ ಮುಂಡರಗಿ ಭೀಮರಾಯನ ಕಥೆಯನ್ನು ಮಾತ್ರ ನಾನು ಕೇಳಿದ್ದು ಪರದೆಯಿಂದಲ್ಲ, ಶಾಲೆಯ ಮಾಸ್ತರರಿಂದ. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಡಂಬಳದ ಖಜಾನೆಗೆ ಕೈಹಾಕಿ, ಹಮ್ಮಿಗಿ ಕೆಂಚನಗೌಡರೊಂದಿಗೆ ಕೊಪ್ಪಳ ಕೋಟೆಯಲ್ಲಿ ಕಾದಾಡಿ ಮಡಿದವನು ಅವನು. ಅವನ ಮೇಲೊಂದು ದೊಡ್ಡ ಚಿತ್ರ ಬರಬೇಕು ಎಂಬುದು ನನ್ನ ಬಹಳ ದಿನದ ಆಸೆ. ಬಂದರೆ ಮೊದಲ ಆಟ ಮುಂಡರಗಿಯ ಬಯಲಿನಲ್ಲೇ ಆಗಲಿ, ನೆಲಕ್ಕೆ ಚಾಪೆ ಹಾಸಲಿ, ಯಾರು ಬೈದರೂ ಯಾರೂ ತಡೆಯದಿರಲಿ.