ಟ್ಯಾಂಕಿಗೆ ನೀರು ತುಂಬುವ ಕೆಲಸ

ಮುಂಗಾರು ಹಿಡಿಯುವ ಮುನ್ನ, ಮೇ ತಿಂಗಳ ಕೊನೆಯ ವಾರದಲ್ಲಿ, ಶಿವಾಜಿನಗರದ ನಮ್ಮ ಗ್ಯಾರೇಜಿಗೆ ಆ ಬಿಳಿಯ ಇಂಪಾಲಾ ಬಂದೇ ಬರುತ್ತದೆ. ಹುಡ್ಡು ತೆರೆದುಕೊಳ್ಳುವ ಗಾಡಿ. ಅಬ್ಬಾ ಇದ್ದಾಗಿನಿಂದ ನಡೆದುಕೊಂಡು ಬಂದ ಪದ್ಧತಿ ಇದು. ಅವರು ತೀರಿಕೊಂಡ ಮೇಲೂ ಗಾಡಿ ತಪ್ಪದೆ ಬರುತ್ತದೆ, ನಾವೂ ತಪ್ಪದೆ ಬಿಚ್ಚುತ್ತೇವೆ. ನಾವು ಎಂದರೆ ಅಣ್ಣ, ತಮ್ಮ ಇಬ್ಬರು. ಒಬ್ಬನಿಗೆ ಮಾತ್ರ ಕತೆ ಬರೆಯುವ ಹುಚ್ಚು ಅಂಟಿಕೊಂಡಿತು. ಆದರೆ ಸ್ಪ್ಯಾನರ್ ಹಿಡಿಯುವುದನ್ನು ಇಬ್ಬರೂ ಒಟ್ಟಿಗೇ ಕಲಿತೆವು. ಬೆಳಿಗ್ಗೆ ಉರ್ದು ಶಾಲೆ, ಸಂಜೆ ಗ್ಯಾರೇಜು. ಹೈಸ್ಕೂಲಿಗೆ ಬಂದಾಗ ಪಾಠ ಕನ್ನಡವಾಯಿತು, ಗ್ಯಾರೇಜು ಅದೇ ಉಳಿಯಿತು.

ಗಾಡಿ 1965ರದು. ಆ ವರ್ಷ ಅಮೆರಿಕದಲ್ಲಿ ಶೆವರ್ಲೆ ಇಂಪಾಲಾ ಹತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾಗಿತ್ತು. ನಮ್ಮಲ್ಲಿ ಅಂಥ ಗಾಡಿ ಬೇಕೆಂದರೆ ವಿದೇಶಿ ದೂತಾವಾಸಗಳು ಬಳಸಿ ಬಿಟ್ಟದ್ದನ್ನು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮಾರುವವರೆಗೆ ಕಾಯಬೇಕಿತ್ತು. ಹಾಗೆ ಬಂದದ್ದನ್ನು ಒಬ್ಬ ಮರದ ವ್ಯಾಪಾರಿ ಸೇಠ್ ಕೊಂಡಿದ್ದರು. ಊರಿನ ಎಷ್ಟೋ ದೂಲ್ಹಾಗಳು, ಮದುಮಕ್ಕಳು ಅದರ ಹಿಂದಿನ ಸೀಟಿನಲ್ಲಿ ಮಲ್ಲಿಗೆಯ ನಡುವೆ ಕೂತು ಮೆರವಣಿಗೆ ಹೋಗಿದ್ದಾರೆ. ಈಗ ಸೇಠರ ಮೊಮ್ಮಗ ಅದನ್ನು ನೋಡಿಕೊಳ್ಳುತ್ತಾನೆ.

ಹುಡ್ಡಿನ ಕೆಲಸ ನೋಡಲು ಚೆಂದ. ಗುಂಡಿ ಒತ್ತಿದರೆ ಹಿಂದಿನ ಸೀಟಿನ ಬೆನ್ನಿಗೆ ಅಡಗಿರುವ ಮೋಟರು ಗುರ್ರೆನ್ನುತ್ತದೆ. ಅದು ಪಂಪನ್ನು ತಿರುಗಿಸುತ್ತದೆ. ಪಂಪು ಎಣ್ಣೆಯನ್ನು ಎಡಬಲದ ಎರಡು ಸಿಲಿಂಡರುಗಳಿಗೆ ತಳ್ಳುತ್ತದೆ. ಸಿಲಿಂಡರಿನ ಕೆಳಗಿನಿಂದ ಎಣ್ಣೆ ಬಂದರೆ ಹುಡ್ಡು ಏಳುತ್ತದೆ, ಮೋಟರು ಉಲ್ಟಾ ತಿರುಗಿ ಮೇಲಿನಿಂದ ಬಂದರೆ ಮಡಚಿಕೊಳ್ಳುತ್ತದೆ. ಇಷ್ಟೇ. ಆದರೆ ಈ ‘ಇಷ್ಟೇ’ ಎನ್ನುವುದನ್ನು ಅರವತ್ತು ವರ್ಷ ಉಳಿಸಿಕೊಳ್ಳುವುದು ಬೇರೆ ಮಾತು. ಎಣ್ಣೆ ಕಡಿಮೆಯಾದರೆ ಪಂಪು ಗಾಳಿ ನುಂಗುತ್ತದೆ, ಹುಡ್ಡು ನಡುಗುತ್ತ ಏಳುತ್ತದೆ. ಆಗ ಎಣ್ಣೆ ಹಾಕಿ ನಾಲ್ಕೈದು ಸಲ ಮೇಲೆ ಕೆಳಗೆ ಆಡಿಸಿ ಗಾಳಿಯನ್ನು ಹೊರಗೆ ಹಾಕಬೇಕು. ಇನ್ನೂ ಹಳೆಯ ಕೆಲವು ಅಮೆರಿಕನ್ ಗಾಡಿಗಳಲ್ಲಿ ಬ್ರೇಕ್ ಆಯಿಲ್ ಹಾಕುತ್ತಿದ್ದರು. ಇದಕ್ಕೆ ಆಟೊಮ್ಯಾಟಿಕ್ ಗೇರಿನ ಕೆಂಪು ಎಣ್ಣೆಯೇ ಬೇಕು. ಒಂದಕ್ಕೆ ಇನ್ನೊಂದನ್ನು ಬೆರೆಸಿದರೆ ಒಳಗಿನ ರಬ್ಬರು ಊದಿ ಹಾಳಾಗುತ್ತದೆ. ಹೊರಗೆ ಸೋರಿದ ಬ್ರೇಕ್ ಆಯಿಲ್ ಬಣ್ಣವನ್ನೇ ತಿಂದುಹಾಕುತ್ತದೆ. ಒಮ್ಮೆ ಯಾವನೋ ಡ್ರೈವರು ಹಾಗೆ ಮಾಡಿ, ಹಿಂದಿನ ಸೀಟಿನ ಕೆಳಗೆಲ್ಲ ಬಣ್ಣ ಸುಕ್ಕುಗಟ್ಟಿದ್ದನ್ನು ನೋಡಿ ಅಬ್ಬಾ ಎರಡು ದಿನ ಯಾರೊಂದಿಗೂ ಮಾತಾಡಿರಲಿಲ್ಲ.

ಗಾಜಿನ ಮೇಲಿನ ಎರಡು ಕೊಂಡಿ ಬಿಚ್ಚದೆ ಗುಂಡಿ ಒತ್ತಬಾರದು. ಹುಡ್ಡು ಪೂರ್ತಿ ಕೂತ ಮೇಲೂ ಗುಂಡಿಯ ಮೇಲೆ ಬೆರಳಿಟ್ಟುಕೊಂಡಿರಬಾರದು. ಒದ್ದೆ ಹುಡ್ಡನ್ನು ಮಡಚಿ ಇಟ್ಟರೆ ವಾರದಲ್ಲಿ ಬೂಸಲು. ಕೈಯಿಂದ ಎತ್ತಬೇಕಾಗಿ ಬಂದರೆ ಎರಡೂ ಬದಿಯಿಂದ ಇಬ್ಬರು ಸಮನಾಗಿ ಎತ್ತಬೇಕು, ಇಲ್ಲದಿದ್ದರೆ ಕಂಬಿ ಸೊಟ್ಟಗಾಗುತ್ತದೆ. ಇವೆಲ್ಲ ನಮಗೆ ಪಹಾಡ, ಮಗ್ಗಿಯ ಹಾಗೆ ಬಾಯಿಪಾಠ.

ಟ್ಯಾಂಕಿನ ವಿಷಯ ಹಾಗಲ್ಲ. ಅದನ್ನು ಯಾರೂ ನೋಡುವುದಿಲ್ಲ, ಡಿಕ್ಕಿಯ ಕೆಳಗೆ ತೆಪ್ಪಗೆ ನೇತುಕೊಂಡಿರುತ್ತದೆ. ಸುಮಾರು 75 ಲೀಟರು ಹಿಡಿಯುತ್ತದೆ. ಮದುವೆಗೆ ಮಾತ್ರ ಹೊರಡುವ ಗಾಡಿಗೆ ಐದೋ ಹತ್ತೋ ಲೀಟರು ಹಾಕಿಸುವವರೇ ಹೆಚ್ಚು. ಮೇಲಿನ ಖಾಲಿ ಜಾಗದಲ್ಲಿ ತೇವದ ಗಾಳಿ ಬೆವರಿ ನೀರಾಗುತ್ತದೆ, ನೀರು ಪೆಟ್ರೋಲಿಗಿಂತ ಭಾರ, ತಳಕ್ಕೆ ಇಳಿದು ತಗಡನ್ನು ತಿನ್ನುತ್ತದೆ. ತುಕ್ಕಿನ ಪುಡಿ ಜಾಲರಿಗೆ ಕಟ್ಟಿಕೊಂಡು ಗಾಡಿ ಮೆರವಣಿಗೆಯ ನಟ್ಟನಡುವೆ ನಿಲ್ಲುತ್ತದೆ. ಆಗ ಬ್ಯಾಂಡಿನವರು ಬಾಜಾ ನಿಲ್ಲಿಸಿ ತಳ್ಳುವುದೂ ಉಂಟು.

1994ರಲ್ಲಿ ಟ್ಯಾಂಕಿನ ಅಂಚಿನ ಬೆಸುಗೆ ಬಿಟ್ಟು ಪೆಟ್ರೋಲು ತೊಟ್ಟಿಕ್ಕುತ್ತಿತ್ತು. ಇಳಿಸಿದೆವು. ಬೆಸುಗೆ ಹಾಕುವವನು ಮಾಲೂರಿನ ಕಡೆಯ ಹುಡುಗ, ಹದಿನೆಂಟು ವರ್ಷ. ನಮಗೆ ಹದಿನಾಲ್ಕು, ಹನ್ನೆರಡು. ಅವನನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ನಮ್ಮ ಮನೆಯಲ್ಲೇ ಊಟ, ಗ್ಯಾರೇಜಿನ ಅಟ್ಟದಲ್ಲಿ ನಿದ್ದೆ.

ಅಬ್ಬಾ ಹೇಳಿದ್ದು ಇಷ್ಟು: “ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಮೂರು ಸಲ ತೊಳೀರಿ. ಆಮೇಲೆ ಬೆಸುಗೆಯ ಜಾಗ ಮೇಲಕ್ಕೆ ಬರುವ ಹಾಗೆ ನಿಲ್ಲಿಸಿ ಬಾಯಿತನಕ ನೀರು ತುಂಬಿ. ಖಾಲಿ ಇರಬಾರದು. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಕೆಟ್ಟದ್ದು.” ಹೇಳಿ ಮಗ್ರಿಬ್ ನಮಾಜಿಗೆ ಹೋದರು.

ಖಾಲಿಯಾದದ್ದು ಹೇಗೆ ಕೆಟ್ಟದ್ದು ಎಂದು ನಮಗೆ ಆಗ ಗೊತ್ತಿರಲಿಲ್ಲ. ಗಾಳಿಯಲ್ಲಿ ಪೆಟ್ರೋಲಿನ ಆವಿ ಶೇಕಡಾ 1.4ರಿಂದ 7.6ರವರೆಗೆ ಬೆರೆತಾಗ ಮಾತ್ರ ಅದು ಸಿಡಿಯುತ್ತದೆ. ತುಂಬಿದ ಟ್ಯಾಂಕಿನಲ್ಲಿ ಆವಿ ಅದಕ್ಕಿಂತ ದಟ್ಟ. ಬರಿದಾದ ಟ್ಯಾಂಕಿನಲ್ಲಿ ತಗಡಿನ ಸಂದಿಗೆ, ತುಕ್ಕಿನ ಚಕ್ಕೆಗೆ ಅಂಟಿದ ಒಂದು ಚಮಚ ಸಾಕು, ಅಳತೆ ಸರಿಯಾಗಿ ಕೂತುಬಿಡುತ್ತದೆ. ಆವಿ ಗಾಳಿಗಿಂತ ಭಾರವಾದ್ದರಿಂದ ತಾನಾಗಿ ಹೊರಗೂ ಹೋಗುವುದಿಲ್ಲ. ಇದನ್ನೆಲ್ಲ ಓದಿ ತಿಳಿದದ್ದು ಬಹಳ ವರ್ಷಗಳ ಮೇಲೆ.

ನಾವು ಒಂದೇ ಸಲ ತೊಳೆದೆವು. ನಲ್ಲಿಯಲ್ಲಿ ನೀರು ನಿಂತಿತ್ತು. ಮೂಲೆಯ ಬೋರ್‌ವೆಲ್ಲಿನಿಂದ ಬಿಂದಿಗೆಯಲ್ಲಿ ಹೊರಬೇಕು. ಗಲ್ಲಿಯಲ್ಲಿ ಕ್ರಿಕೆಟ್ ನಡೆದಿತ್ತು. ಟ್ಯಾಂಕಿನ ಬಾಯಿಗೆ ಮೂಗಿಟ್ಟು ನೋಡಿದೆವು, ಸೋಡಾದ ವಾಸನೆ ಬಿಟ್ಟು ಏನೂ ಇರಲಿಲ್ಲ. ತುಂಬಿದೆವೆಂದು ಅವನಿಗೆ ಕೂಗಿ ಹೇಳಿ ಓಡಿದೆವು. ಕೂಗಿದ್ದು ಯಾರು ಎಂಬುದು ನಮ್ಮಿಬ್ಬರ ನಡುವೆ ಇವತ್ತಿಗೂ ತೀರ್ಮಾನವಾಗಿಲ್ಲ.

ಬ್ಲೋ ಲ್ಯಾಂಪ್ ಹಚ್ಚಿ ಅವನು ಅಂಚಿಗೆ ಹಿಡಿದಾಗ ಬಂದ ಸದ್ದನ್ನು ರಸೆಲ್ ಮಾರ್ಕೆಟ್ಟಿನವರೆಗೂ ಕೇಳಿದವರಿದ್ದಾರೆ. ಟ್ಯಾಂಕು ಡಬ್ಬಿಯ ಹಾಗೆ ಬಾಯಿ ಬಿಟ್ಟುಕೊಂಡು ಗೋಡೆಗೆ ಹೋಗಿ ಬಡಿದಿತ್ತು. ಅವನ ಬಲಗೈ, ಕುತ್ತಿಗೆ, ಬಲಗಿವಿ ಸುಟ್ಟಿದ್ದವು. ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ತಿಂಗಳು ಮಲಗಿದ. ಅಮ್ಮೀ ದಿನವೂ ಗಂಜಿ ಕಳಿಸುತ್ತಿದ್ದರು.

ಅಬ್ಬಾ ಕೇಳಿದರು, “ನೀರು ತುಂಬಿದ್ರಾ?” ನಾವು ಹೇಳಿದೆವು, “ತುಂಬಿದ್ವಿ. ಬೆಸುಗೆ ಬಿಟ್ಟಿತ್ತಲ್ಲ, ಸೋರಿ ಹೋಗಿರ್ಬೇಕು.” ಅವರು ಮತ್ತೆ ಕೇಳಲಿಲ್ಲ. ನಮಾಜಿಗೆ ಹೋಗುವ ಮುನ್ನ ತಾವೇ ನಿಂತು ತುಂಬಿಸಬೇಕಿತ್ತು ಎಂದು ಸಾಯುವತನಕ ಹೇಳುತ್ತಿದ್ದರು. ಸೇಠರು ಬೇಡವೆಂದರೂ ಗುಜರಿಯಿಂದ ಬೇರೊಂದು ಟ್ಯಾಂಕನ್ನು ತಮ್ಮ ದುಡ್ಡಿನಲ್ಲೇ ತಂದು ಕೂರಿಸಿದರು. ಬೆಂಕಿಯ ಹತ್ತಿರ ಹೋಗಲಾರದ ಹುಡುಗನನ್ನು ಸೀಟ್ ಕವರ್ ಹೊಲಿಯುವ ತಮ್ಮ ದೋಸ್ತಿಯ ಬಳಿ ಕೂರಿಸಿದರು. ಸುಟ್ಟ ಕೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಆದರೂ ರೆಕ್ಸಿನ್ ಹೊಲಿಗೆಯಲ್ಲಿ ಅವನ ಸಮಕ್ಕೆ ಬರುವವರು ನಮ್ಮ ಕಡೆ ಕಡಿಮೆ. ಇಂಪಾಲಾದ ಹುಡ್ಡಿಗೆ ಎರಡು ಸಲ ಹೊಸ ಬಟ್ಟೆ ಹೊಲಿದವನು ಅವನೇ. ಹಳದಿಗಟ್ಟಿದ ಹಿಂದಿನ ಪ್ಲಾಸ್ಟಿಕ್ ಗಾಜು ಬದಲಿಸಿದವನೂ ಅವನೇ. ನಾವು ಕೆಳಗೆ ಟ್ಯಾಂಕು ನೋಡುತ್ತೇವೆ, ಅವನು ಮೇಲೆ ಹುಡ್ಡು ನೋಡುತ್ತಾನೆ. ಹೀಗೇ ವರ್ಷಗಳು ಹೋದವು.

ಗುಜರಿಯ ಆ ಟ್ಯಾಂಕಿಗೆ ನಾವು ಒಮ್ಮೆ ಒಳಗಡೆ ಲೇಪ ಹಾಕಿಸಿದ್ದೆವು. ಹಳೆಯ ಲೇಪಗಳಿಗೆ ಎಥನಾಲ್ ಆಗುವುದಿಲ್ಲ. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. 2025ರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಬಂಕುಗಳಲ್ಲೂ ಅದೇ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರನ್ನು ಮೆದುವಾಗಿಸುತ್ತದೆ. ಕಬ್ಬು ಬೆಳೆಯುವವನಿಗೆ ನಾಲ್ಕು ಕಾಸು ಬಂದರೆ ನಮ್ಮದೇನೂ ತಕರಾರಿಲ್ಲ, ಹೊಸ ಗಾಡಿಗಳು ಅದಕ್ಕೆ ತಯಾರಾಗಿಯೇ ಬರುತ್ತವೆ. ಅರವತ್ತು ವರ್ಷದ ಈ ಮುದುಕಿಯ ಕಷ್ಟ ಬೇರೆ. 2025ರ ಮೇ ತಿಂಗಳಲ್ಲಿ ಗಾಡಿ ಬಂದಾಗ ಲೇಪ ಹಾಲಿನ ಕೆನೆಯ ಹಾಗೆ ಎದ್ದು ಜಾಲರಿಯನ್ನು ಮುಚ್ಚಿತ್ತು, ತಳದಲ್ಲಿ ಸೂಜಿಯಂಥ ತೂತುಗಳಿದ್ದವು. ಪೆಟ್ರೋಲಿನ ರಬ್ಬರ್ ಪೈಪುಗಳನ್ನೆಲ್ಲ ಕಿತ್ತು ಎಥನಾಲ್ ತಡೆಯುವಂಥವನ್ನು ಹಾಕಿದೆವು. ಅಮೆರಿಕದಿಂದ ಹೊಸ ಟ್ಯಾಂಕು ತರಿಸಬಹುದು, ಆದರೆ ಹಡಗಿನ ಬಾಡಿಗೆ ಕೇಳಿ ಮೊಮ್ಮಗ ಸುಮ್ಮನಾದ. ಬೆಸುಗೆಯೇ ಗತಿ.

ಮೂರು ಸಲ ತೊಳೆದೆವು. ತಳವನ್ನು ಮೇಲೆ ಮಾಡಿ ನಿಲ್ಲಿಸಿ ನೀರು ತುಂಬಲು ಪೈಪು ಬಿಟ್ಟೆವು. ಅವನು ಹೊರಗೆ ಬೆಂಚಿನ ಮೇಲೆ ಕೂತು ಹುಡ್ಡಿನ ಬಿಚ್ಚಿದ ಅಂಚನ್ನು ಹೊಲಿಯುತ್ತಿದ್ದ. ಎದ್ದು ಬಂದ. ಮೂವತ್ತೊಂದು ವರ್ಷಗಳಲ್ಲಿ ಮೊದಲ ಸಲ ಟ್ಯಾಂಕಿನ ಹತ್ತಿರ ಬಂದು, ಸುಟ್ಟ ಕೈಯನ್ನೇ ಬಾಯಿಯೊಳಗೆ ಇಳಿಬಿಟ್ಟು, ನೀರು ಎಲ್ಲಿಗೆ ಬಂದಿದೆ ಎಂದು ಮುಟ್ಟಿ ನೋಡಿದ.

ಅಲ್ಲೇ ಹೇಳಿದೆವು. ಹೇಗೆ ಹೇಳಿದೆವೋ, ತೊದಲಿ ಹೇಳಿದೆವು. “ಅಣ್ಣಾ, ಅವತ್ತು ನಾವು ತುಂಬಿರ್ಲಿಲ್ಲ.”

ಅವನು ಕೈಯನ್ನು ಲುಂಗಿಗೆ ಒರೆಸಿಕೊಂಡ. “ಗೊತ್ತಲ್ರಪ್ಪಾ. ಸೋರಿದ್ರೆ ನೆಲ ಒದ್ದೆ ಆಗಿರ್ಬೇಕಿತ್ತು. ನಾನು ಬಿದ್ದಿದ್ದು ಒಣ ನೆಲದ್ಮೇಲೆ.”

“ಅಬ್ಬಾಗೆ ಹೇಳಿದ್ಯಾ?”

“ಉಸ್ತಾದ್ ನನ್ನ ಎತ್ಕೊಂಡೋದ್ರಲ್ಲ, ಅವ್ರೂ ನೋಡಿರ್ತಾರೆ.”

ಮಾಫಿ ಕೇಳಬೇಕೆಂದಿದ್ದ ಮಾತು ಬಾಯಿಗೆ ಬರಲಿಲ್ಲ. ಅವನೂ ಕಾಯಲಿಲ್ಲ, ಹೋಗಿ ಸೂಜಿ ಹಿಡಿದ. ನೀರು ಬಾಯಿತನಕ ಬಂದು ತುಳುಕಿ ನೆಲಕ್ಕೆ ಹರಿಯಿತು.

ಮಾರನೆಯ ದಿನ ಸಂಜೆ ಟ್ಯಾಂಕು ಕೂರಿಸಿ, ಹುಡ್ಡಿನ ಎಣ್ಣೆ ಭರ್ತಿ ಮಾಡಿ, ಅವನನ್ನೇ ಡ್ರೈವರ್ ಸೀಟಿಗೆ ಕೂರಿಸಿದೆವು. ಗುಂಡಿ ಒತ್ತಿದ. ಹುಡ್ಡು ಅರ್ಧಕ್ಕೆ ಎದ್ದು ನಡುಗಿತು, ಎಡಗಡೆ ತುಸು ಹಿಂದೆ ಉಳಿಯಿತು.

“ಇನ್ನೂ ಗಾಳಿ ಇದೆ,” ಎಂದ. “ಇನ್ನೊಂದೆರಡು ಸಲ ಆಡಿಸ್ತೀನಿ. ನೀವು ಎಣ್ಣೆ ನೋಡ್ಕೊಳ್ಳಿ.”